ಡೆಬಿಯನ್ ಇನ್‌ಸ್ಟಾಲರ್‌ಗೆ ಸಲ್ಲದ ಅಪಖ್ಯಾತಿ

ಡೆಬಿಯನ್ ಇನ್‌ಸ್ಟಾಲರ್ ಹಳೇ ಕಾಲದ್ದು, ಪ್ರಶ್ನೆ ಕೇಳಿ ಕೇಳಿ ಸುಸ್ತು ಮಾಡುತ್ತದೆ ಎಂಬುದು ಲಿನಕ್ಸ್ ವಿಮರ್ಶಕರಲ್ಲಿ ಬಾಯಿಪಾಠವಾಗಿಬಿಟ್ಟಿದೆ. 2005ರ ಸಾರ್ಜ್ ಆವೃತ್ತಿಯೊಂದಿಗೆ ಬಂದ ಈ ತಂತ್ರಾಂಶದಷ್ಟು ಹೊಣೆಯರಿತು ಡಿಸ್ಕ್‌ಗೆ ಕೈಹಾಕುವ ಇನ್ನೊಂದನ್ನು ನಾನಂತೂ ಕಂಡಿಲ್ಲ.

ಡಿಸ್ಕನ್ನು ಭಾಗ ಮಾಡುವ ಪಾರ್ಟ್‌ಮನ್ ಅನ್ನೇ ನೋಡಿ. ‘ಇಡೀ ಡಿಸ್ಕ್ ಬಳಸು’ ಎಂದು ಆರಿಸಿದ ಮಾತ್ರಕ್ಕೆ ಏನೂ ಅಳಿಯುವುದಿಲ್ಲ. ಮಾಡಬೇಕಾದ್ದನ್ನೆಲ್ಲ ಮೊದಲು ಮೆಮೊರಿಯಲ್ಲೇ ಲೆಕ್ಕ ಹಾಕಿಟ್ಟುಕೊಳ್ಳುತ್ತದೆ. ಕೊನೆಗೆ ಬರುವ ಪರದೆಯಲ್ಲಿ ಯಾವ ಡಿಸ್ಕ್‌ನ ಪಾರ್ಟಿಷನ್ ಟೇಬಲ್ ಬದಲಾಗುತ್ತದೆ, ಯಾವ ಭಾಗ ಫಾರ್ಮ್ಯಾಟ್ ಆಗುತ್ತದೆ ಎಂಬ ಪಟ್ಟಿ ಇರುತ್ತದೆ. ಬದಲಾವಣೆಗಳನ್ನು ಡಿಸ್ಕ್‌ಗೆ ಬರೆಯಲೇ ಎಂದು ಕೇಳುತ್ತದೆ. ಅಲ್ಲಿ ಮೊದಲೇ ಆಯ್ಕೆಯಾಗಿರುವ ಉತ್ತರ ‘ಇಲ್ಲ’. ಅದುವರೆಗೆ ಎಂಟರ್ ಒತ್ತುತ್ತಲೇ ಬಂದವರು ಇಲ್ಲೂ ಒತ್ತಿದರೆ ಹಿಂದಿನ ಮೆನುಗೆ ಮರಳುತ್ತಾರೆ, ದತ್ತಾಂಶ ಉಳಿಯುತ್ತದೆ. ಗ್ರಾಫಿಕಲ್ ರೂಪದಲ್ಲಿ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಈ ಒಂದು ಪರದೆಗಾದರೂ ಅದು ಬೇಕೇ ಬೇಕಿತ್ತು.

ಇದೇ ಪರದೆಯಲ್ಲಿ ಒಂದು ಕೊರತೆಯೂ ಇದೆ. ಡಿಸ್ಕ್‌ನ ಗಾತ್ರ, ಮಾದರಿ ಹಿಂದಿನ ಪಟ್ಟಿಯಲ್ಲಿ ಕಾಣುತ್ತವೆ. ದೃಢೀಕರಣದ ಹೊತ್ತಿಗೆ ಉಳಿಯುವುದು ‘ಎಸ್‌ಡಿಎ’ ಎಂಬಂಥ ಹೆಸರು ಮಾತ್ರ. ಒಂದೇ ಯಂತ್ರದಲ್ಲಿ ಎರಡು ಡಿಸ್ಕ್ ಇದ್ದರೆ ಯಾವುದು ಯಾವುದೆಂದು ನೆನಪಿಟ್ಟುಕೊಳ್ಳುವ ಭಾರ ನಮ್ಮ ಮೇಲೆ ಬೀಳುತ್ತದೆ. ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಎಲ್‌ವಿಎಂ ವ್ಯವಸ್ಥೆಯನ್ನು ಆರಿಸಿದರಂತೂ ಈ ಒಪ್ಪಿಗೆಯನ್ನು ಮಧ್ಯದಲ್ಲೇ ಒಮ್ಮೆ ಕೊಡಬೇಕು. ಬೇಗ ತಿದ್ದಬೇಕಾದ ದೋಷಗಳಿವು.

ಆದರೆ ವಿಮರ್ಶಕರ ತಕರಾರು ಇದಲ್ಲ. ಅವರು ಗಡಿಯಾರ ಹಿಡಿದು ಕೂರುತ್ತಾರೆ: ಎಷ್ಟು ನಿಮಿಷ, ಎಷ್ಟು ಕ್ಲಿಕ್. ಒಂದು ಯಂತ್ರಕ್ಕೆ ವರ್ಷಕ್ಕೊಮ್ಮೆಯೂ ಮಾಡದ ಕೆಲಸದಲ್ಲಿ ಐದು ನಿಮಿಷ ಉಳಿಸಿ ಯಾರಿಗೇನು ಸಿಕ್ಕಿತು? ಇವರು ಮೆಚ್ಚಿ ಬರೆದ ಉಬುಂಟುವಿನ ಇನ್‌ಸ್ಟಾಲರ್ ಯುಬಿಕ್ವಿಟಿ ಬಹುಕಾಲ ಡಿಸ್ಕ್ ಕೆಲಸಕ್ಕೆ ನೆಚ್ಚಿಕೊಂಡಿದ್ದು ಇದೇ ಪಾರ್ಟ್‌ಮನ್ ಅನ್ನು. ಹೊದಿಕೆಯನ್ನು ಹೊಗಳಿ ಒಳಗಿನದನ್ನು ಹಳಿಯುವುದು ವಿಮರ್ಶೆಯಲ್ಲ. ಒಂದು ಹಂತ ಕೆಟ್ಟಾಗ ಏನಾಗುತ್ತದೆ ಎಂದು ಇವರು ಪರೀಕ್ಷಿಸುವುದು ಅಪರೂಪ. ಡೆಬಿಯನ್‌ನಲ್ಲಿ ಮುಖ್ಯ ಮೆನು ತೆರೆದುಕೊಳ್ಳುತ್ತದೆ, ಆ ಹಂತವನ್ನಷ್ಟೇ ಮತ್ತೆ ಮಾಡಬಹುದು. ನಾಲ್ಕನೇ ಕನ್ಸೋಲ್‌ನಲ್ಲಿ ಲಾಗ್ ಓಡುತ್ತಿರುತ್ತದೆ. ವೈಫೈ ಫರ್ಮ್‌ವೇರ್ ಇಲ್ಲವೆಂಬ ದೂರು ಮಾತ್ರ ನ್ಯಾಯವಾದದ್ದೇ ಆಗಿತ್ತು. ಡೆಬಿಯನ್ ಯೋಜನೆಯೊಳಗೆ ನಡೆದ 2022ರ ಮತದಾನದ ನಂತರ, 2023ರ ಬುಕ್‌ವರ್ಮ್ ಆವೃತ್ತಿಯಿಂದ ಅದನ್ನೂ ಅಧಿಕೃತ ಇಮೇಜ್‌ನಲ್ಲೇ ಸೇರಿಸಿದ್ದಾರೆ.

ಇನ್ನು ಪ್ರಶ್ನೆಗಳು ಹೆಚ್ಚೆಂಬ ಆರೋಪ. ಪ್ರತಿ ಪ್ರಶ್ನೆಗೂ ಒಳಗೊಂದು ಹೆಸರಿದೆ. ಉತ್ತರಗಳನ್ನು ಪ್ರಿಸೀಡ್ ಕಡತದಲ್ಲಿ ಬರೆದಿಟ್ಟು ನೆಟ್‌ವರ್ಕ್ ಮೂಲಕ ಬೂಟ್ ಮಾಡಿದರೆ, ಕಾಲೇಜು ಲ್ಯಾಬಿನ ಅಷ್ಟೂ ಯಂತ್ರಗಳು ಒಂದನ್ನೂ ಕೇಳದೆ ಸಿದ್ಧವಾಗುತ್ತವೆ. ಆ ಕಡತದಲ್ಲೂ ಡಿಸ್ಕ್‌ಗೆ ಬರೆಯುವ ಒಪ್ಪಿಗೆಗೆ ಪ್ರತ್ಯೇಕ ಸಾಲು ಬೇಕು. ಅದನ್ನು ಬಿಟ್ಟರೆ ಯಂತ್ರ ಅಲ್ಲೇ ನಿಂತು ಮನುಷ್ಯರ ಉತ್ತರಕ್ಕೆ ಕಾಯುತ್ತದೆ.