ಕೈಯಲ್ಲೇನಿದೆ ನೋಡಿ, ಗಾಳಿ ಯಾವುದೆಂದು ಹೇಳಿ

ಗ್ರೀಕ್ ಪುರಾಣದ ರುಚಿ ಹತ್ತಿದವರು ಸಾಮಾನ್ಯವಾಗಿ ಜ್ಯೂಸ್, ಅಪೋಲೋ, ಅಥೀನಾ ಎಂದು ದೊಡ್ಡವರ ಮನೆ ಬಾಗಿಲಲ್ಲೇ ನಿಂತುಬಿಡುತ್ತಾರೆ. ನನಗೆ ಗಾಳಿದೇವರ ಮೇಲೆ ಪ್ರೀತಿ ಹೆಚ್ಚು. ಒಲಿಂಪಸ್‌ನ ಹನ್ನೆರಡು ಗದ್ದುಗೆಗಳಲ್ಲಿ ಒಂದೂ ಇವರದಲ್ಲ. ಆದರೆ ಹಡಗು ಹೊರಡಬೇಕೋ ಬೇಡವೋ, ಬೆಳೆ ಕೈಗೆ ಹತ್ತುತ್ತದೋ ಇಲ್ಲವೋ ಎಂಬುದೆಲ್ಲ ಇವರ ಮರ್ಜಿ. ಇವರ ಗುಣಸ್ವಭಾವವನ್ನು ಯಾವ ಕವಿಯೂ ಕಟ್ಟಿದ್ದಲ್ಲ. ನಾವಿಕರೂ ರೈತರೂ ಮೈಯೊಡ್ಡಿ ತಿಳಿದುಕೊಂಡದ್ದು.

ಇವರೆಲ್ಲ ಒಟ್ಟಿಗೆ ಸಿಗುವ ಜಾಗ ಅಥೆನ್ಸ್‌ನ ರೋಮನ್ ಅಗೋರಾ. ಕಿರ್ರೋಸ್‌ನ ಆಂಡ್ರೊನಿಕೋಸ್ ಎಂಬಾತ ಅಲ್ಲಿ ಕಟ್ಟಿಸಿದ ಅಮೃತಶಿಲೆಯ ಎಂಟು ಮೂಲೆಯ ಗೋಪುರಕ್ಕೆ ಎರಡು ಸಾವಿರ ವರ್ಷ ದಾಟಿದೆ. ಎತ್ತರ ಸುಮಾರು 12 ಮೀಟರ್. ಗೋಡೆಗಳ ಮೇಲೆ ಸೂರ್ಯಗಡಿಯಾರ, ಒಳಗೆ ಒಂದು ಕಾಲಕ್ಕೆ ನೀರಗಡಿಯಾರವೂ ಇತ್ತು. ನೆತ್ತಿಯ ಮೇಲೆ ಟ್ರೈಟನ್ ಎಂಬ ಕಂಚಿನ ಕಡಲದೇವನೊಬ್ಬ ಗಾಳಿ ಬಂದತ್ತ ತಿರುಗಿ, ಆಗ ಬೀಸುತ್ತಿರುವ ಗಾಳಿಯ ಉಬ್ಬುಶಿಲ್ಪದತ್ತ ಕೋಲು ತೋರಿಸುತ್ತಿದ್ದನಂತೆ. ಟ್ರೈಟನ್ ಈಗಿಲ್ಲ, ಎಂಟು ಗಾಳಿಗಳು ಇವೆ. ನಮ್ಮ ಅಷ್ಟದಿಕ್ಪಾಲಕರಲ್ಲಿ ವಾಯುವಿನ ಪಾಲಿಗೆ ಬಂದದ್ದು ವಾಯವ್ಯ ಮಾತ್ರ. ಈ ಗೋಪುರದಲ್ಲಿ ಎಂಟೂ ದಿಕ್ಕು ಗಾಳಿಯವೇ.

ಎಲ್ಲರಿಗೂ ರೆಕ್ಕೆಯಿದೆ, ಎಲ್ಲರೂ ಅಡ್ಡಡ್ಡ ಹಾರುತ್ತಿದ್ದಾರೆ. ಗುರುತು ಹಿಡಿಯುವುದು ಉಡುಪಿನಿಂದ, ಕೈಯಲ್ಲಿರುವ ವಸ್ತುವಿನಿಂದ. ಉತ್ತರದ ಬೋರಿಯಸ್ ಗಡ್ಡಧಾರಿ. ದಪ್ಪ ನಿಲುವಂಗಿ ಹೊದ್ದು ಶಂಖ ಊದುತ್ತಾನೆ. ಈಶಾನ್ಯದ ಕೈಕಿಯಾಸ್ ಗುರಾಣಿ ತುಂಬ ಆಲಿಕಲ್ಲು ಹೊತ್ತು ತಂದು ಸುರಿಯುತ್ತಾನೆ. ಪೂರ್ವದ ಅಪೆಲಿಯೋಟಿಸ್‌ನ ಮಡಿಲಲ್ಲಿ ಹಣ್ಣು, ಧಾನ್ಯ. ದಕ್ಷಿಣದ ನೋಟೋಸ್ ನೀರಿನ ಕೊಡ ಬಗ್ಗಿಸುತ್ತಾನೆ, ಮಳೆ ಬರಿಸುವವನು ಅವನೇ. ನೈಋತ್ಯದ ಲಿಪ್ಸ್ ಹಡಗಿನ ಹಿಂಬದಿಯ ಅಲಂಕಾರವನ್ನು ಹಿಡಿದಿದ್ದಾನೆ. ಪಶ್ಚಿಮದ ಝೆಫಿರೋಸ್ ಮೀಸೆ ಮೂಡದ ಹುಡುಗ. ಬರಿಗಾಲು, ಮೈಮೇಲೆ ಬಟ್ಟೆ ಇದ್ದೂ ಇಲ್ಲದಂತೆ, ಉತ್ತರೀಯದ ತುಂಬ ಹೂವು. ಅಥೆನ್ಸ್‌ನ ಇಡೀ ವರ್ಷದ ಹವಾಮಾನವನ್ನು ಒಂದು ಸುತ್ತು ನಡೆದು ಓದಿಬಿಡಬಹುದು.

ಇವರಲ್ಲಿ ಅಥೆನ್ಸ್‌ನವರಿಗೆ ಹತ್ತಿರದವನು ಬೋರಿಯಸ್, ಅವನು ಆ ಊರಿನ ಅಳಿಯ! ರಾಜ ಎರೆಕ್ಥಿಯಸ್‌ನ ಮಗಳು ಒರಿಥಿಯಾಳನ್ನು ಇಲಿಸೋಸ್ ನದಿಯ ದಡದಿಂದ ಹೊತ್ತೊಯ್ದು ಮದುವೆಯಾದವನು. ಕ್ರಿ.ಪೂ. 480ರಲ್ಲಿ ಪರ್ಷಿಯಾದ ದೊರೆ ಕ್ಸೆರ್ಕ್ಸಿಸ್ ನೌಕಾಪಡೆ ಕಟ್ಟಿಕೊಂಡು ಬಂದಾಗ, ಅಳಿಯನ ನೆರವು ಕೇಳಿರೆಂದು ದೈವವಾಣಿಯಾಯಿತಂತೆ. ಅಥೆನ್ಸ್‌ನವರು ಬೋರಿಯಸ್‌ಗೆ ಬಲಿ ಕೊಟ್ಟರು. ಮೂರು ದಿನ ಬಿರುಗಾಳಿ ಬಡಿದು ಕಡಿಮೆಯೆಂದರೂ 400 ಹಡಗು ಮುಳುಗಿದವು ಎನ್ನುತ್ತಾನೆ ಹೆರೊಡೊಟಸ್. ಗಾಳಿ ಎದ್ದದ್ದು ಇವರ ಪ್ರಾರ್ಥನೆಯಿಂದಲೇ ಎಂದು ಮಾತ್ರ ಅವನು ಒಪ್ಪಿಕೊಳ್ಳುವುದಿಲ್ಲ. ನಾಲ್ಕನೇ ದಿನ ಪರ್ಷಿಯಾದ ಪುರೋಹಿತರು ಮಂತ್ರ ಹಾಕಿ ಅದನ್ನು ನಿಲ್ಲಿಸಿದರು, ಇಲ್ಲವೇ ಅದು ತಾನಾಗಿಯೇ ನಿಂತಿತು ಎಂದು ಮೆಲ್ಲಗೆ ಚಿವುಟುತ್ತಾನೆ. ಊರಿನವರಿಗೆ ಅಂಥ ಅನುಮಾನವಿರಲಿಲ್ಲ. ಇಲಿಸೋಸ್ ದಡದಲ್ಲೇ ಅಳಿಯನಿಗೆ ಗುಡಿ ಕಟ್ಟಿಸಿದರು.

ಝೆಫಿರೋಸ್‌ನನ್ನು ತಂಗಾಳಿಯೆಂದೇ ಬಲ್ಲವರು ಹೋಮರನನ್ನು ಓದಬೇಕು. ‘ಇಲಿಯಡ್’ನಲ್ಲಿ ಅವನ ಮನೆಯಲ್ಲಿ ಗಾಳಿಗಳೆಲ್ಲ ಔತಣಕ್ಕೆ ಕೂತಿರುತ್ತವೆ, ಕರೆ ಬಂದದ್ದೇ ಅವನೂ ಬೋರಿಯಸ್‌ನೂ ಕಡಲನ್ನು ಕಲಕುತ್ತ ಹೋಗಿ ಯುದ್ಧದಲ್ಲಿ ಮಡಿದ ಯೋಧ ಪೆಟ್ರೋಕ್ಲಸ್‌ನ ಚಿತೆಯನ್ನು ರಾತ್ರಿಯಿಡೀ ಉರಿಸುತ್ತಾರೆ. ‘ಒಡಿಸ್ಸಿ’ಯಲ್ಲಿ ಗಾಳಿಗಳ ಒಡೆಯ ಅಯೋಲಸ್ ಉಳಿದ ಗಾಳಿಗಳನ್ನು ಎತ್ತಿನ ಚರ್ಮದ ಚೀಲದಲ್ಲಿ ಕಟ್ಟಿ, ಝೆಫಿರೋಸ್‌ನನ್ನು ಮಾತ್ರ ಹೊರಗೆ ಬಿಡುತ್ತಾನೆ. ಪಶ್ಚಿಮದಿಂದ ಊರಿಗೆ ಮರಳುವ ಕಥಾನಾಯಕ ಒಡಿಸಿಯಸ್‌ಗೆ ಬೇಕಾದ ಗಾಳಿ ಅದೊಂದೇ. ಕಥೆ ಎಷ್ಟೇ ಅದ್ಭುತವಾಗಿರಲಿ, ಗಾಳಿಯ ದಿಕ್ಕು ತಪ್ಪುವುದಿಲ್ಲ.

ಅಥೆನ್ಸ್‌ಗೆ ಹೋದವರು ಪಾರ್ಥೆನಾನ್ ನೋಡಿ ದಣಿದು ಹೋಟೆಲಿಗೆ ಮರಳುವುದೇ ಹೆಚ್ಚು. ಪಾರ್ಥೆನಾನ್ ಇರುವ ಗುಡ್ಡದ ಉತ್ತರದ ಬುಡಕ್ಕೆ ಇಳಿಯಿರಿ. ಬೋರಿಯಸ್‌ನಿಂದ ಶುರು ಮಾಡಿ ಗೋಪುರಕ್ಕೆ ಒಂದು ಪ್ರದಕ್ಷಿಣೆ ಹಾಕಿ. ಶಿಲ್ಪಗಳು ಎತ್ತರದಲ್ಲಿವೆ, ಸವೆದಿವೆ. ಪುಟ್ಟದೊಂದು ದುರ್ಬೀನು ಜೊತೆಗಿರಲಿ.