ಹುಡುಗಿಯರ ಪಂದ್ಯಾವಳಿ ಎಲ್ಲಿಗೆ ಕರೆದೊಯ್ಯುತ್ತದೆ?

ಸಿಗ್ನಲ್ ಚೆನ್ನಾಗಿ ಸಿಗುವ ಜಗಲಿ ಯಾವುದೆಂದು ಪಣಕಹಳ್ಳಿಯ ಹುಡುಗರಿಗೆ ಗೊತ್ತಿರುತ್ತದೆ. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಬೇರೆ ಊರುಗಳಲ್ಲೂ ಹಾಗೆಯೇ. ಸಂಜೆ ನಾಲ್ವರು ಫೋನು ಹಿಡಿದು ಅಲ್ಲಿ ಕೂತರೆಂದರೆ ಅದು ಬಿಜಿಎಂಐ, ಇಲ್ಲವೇ ಫ್ರೀ ಫೈರ್ ಮ್ಯಾಕ್ಸ್ ಎಂಬ ಮೊಬೈಲ್ ಆಟ. “ಲೋ, ರಿವೈವ್ ಮಾಡ್ಲಾ, ಮನ ಹಿಂದ ಒಬ್ಬ ಅವ್ನ” ಎಂಬ ಕೂಗು ಬೀದಿಯುದ್ದಕ್ಕೂ ಕೇಳುತ್ತದೆ. ಆ ನಾಲ್ವರಲ್ಲಿ ಹುಡುಗಿ ಇರುವುದಿಲ್ಲ. ಅಣ್ಣ ಫೋನು ಬಿಟ್ಟುಹೋದ ಹೊತ್ತಿನಲ್ಲಿ ಆಡಿ ಕಲಿತ ಹುಡುಗಿಯರು ಇದ್ದಾರೆ, ಅವರ ಕೈಯೂ ಚುರುಕಾಗಿಯೇ ಇದೆ. ಆದರೆ ಒಂದು ಸ್ಕ್ವಾಡ್, ಅಂದರೆ ನಾಲ್ವರ ತಂಡ, ಕಟ್ಟಲು ನಾಲ್ಕು ಫೋನು ಬೇಕು, ನಾಲ್ವರಿಗೂ ಒಂದೇ ಹೊತ್ತಿಗೆ ಬಿಡುವು ಬೇಕು, ಕತ್ತಲಾದ ಮೇಲೂ ಹೊರಗೆ ಕೂತು ಕೂಗಾಡುವ ಸಲಿಗೆ ಬೇಕು. ಇವುಗಳಲ್ಲಿ ಒಂದೂ ಹುಡುಗಿಯರಿಗೆ ಸುಲಭವಾಗಿ ದಕ್ಕುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ನೂರಕ್ಕೆ 57 ಮಂದಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದರು. ಹೆಂಗಸರಲ್ಲಿ 33 ಮಂದಿ ಮಾತ್ರ. ತಾವೇ ಬಳಸಲು ಒಂದು ಮೊಬೈಲ್ ಇದ್ದದ್ದು ಹೆಂಗಸರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ. ಪಂದ್ಯ ಶುರುವಾಗುವ ಮೊದಲೇ ಆಟಗಾರರ ಆಯ್ಕೆ ಅರ್ಧ ಮುಗಿದಿರುತ್ತದೆ.

ಹಾಗಿದ್ದಮೇಲೆ ಹೆಣ್ಣುಮಕ್ಕಳಿಗೆ ಬೇರೆ ಪಂದ್ಯಾವಳಿ ನಡೆಸಬೇಕೇ? ವಿರೋಧಿಸುವವರ ವಾದ ಎಲ್ಲರಿಗೂ ಗೊತ್ತಿರುವುದೇ. ಓಟದಲ್ಲಿ, ಕುಸ್ತಿಯಲ್ಲಿ ಮೈಬಲದ ವ್ಯತ್ಯಾಸವಿದೆ. ಪರದೆಯ ಮೇಲೆ ಬೆರಳಾಡಿಸಲು ಯಾವ ಮೈಬಲ? ಬೇರೆ ಮಾಡಿದರೆ ಹೆಣ್ಣಿನ ಬುದ್ಧಿಯೇ ಕಡಿಮೆ ಎಂದು ಒಪ್ಪಿಕೊಂಡಂತೆ ಅಲ್ಲವೇ? ಈ ವಾದದಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. 2014ರಲ್ಲಿ ಅಂತರರಾಷ್ಟ್ರೀಯ ಇ-ಸ್ಪೋರ್ಟ್ಸ್ (ಕಂಪ್ಯೂಟರ್, ಮೊಬೈಲ್ ಆಟಗಳ ಸ್ಪರ್ಧೆ) ಒಕ್ಕೂಟದ ಪಂದ್ಯಕ್ಕೆ ಫಿನ್ಲೆಂಡಿನಲ್ಲಿ ಆಯ್ಕೆ ನಡೆಸುವಾಗ ಹರ್ತ್‌ಸ್ಟೋನ್ ಎಂಬ ಇಸ್ಪೀಟಿನ ಬಗೆಯ ಆಟಕ್ಕೆ ಗಂಡಸರು ಮಾತ್ರ ಬರಬೇಕು ಎಂದು ನಿಯಮ ಮಾಡಿದ್ದರು. ಕೂತಲ್ಲೇ ಎಲೆ ಹಾಕುವ ಆಟಕ್ಕೆ ಗಂಡಸೇ ಏಕೆ ಬೇಕು ಎಂದು ಲೋಕವೆಲ್ಲ ಕೇಳಿತು. ಚೆಸ್ಸಿನಲ್ಲೂ ಪ್ರತ್ಯೇಕ ಸ್ಪರ್ಧೆ ಇದೆಯಲ್ಲ ಎಂದು ಒಕ್ಕೂಟ ಮೊದಲು ಸಮರ್ಥಿಸಿಕೊಂಡಿತು. ಕೊನೆಗೆ ನಿಯಮ ಬದಲಿಸಿ, ಎಲ್ಲರಿಗೂ ತೆರೆದ ವಿಭಾಗವೊಂದನ್ನೂ ಮಹಿಳೆಯರ ವಿಭಾಗವೊಂದನ್ನೂ ಇಟ್ಟಿತು.

ಚೆಸ್ಸಿನ ಹೆಸರು ಎತ್ತಿದ್ದು ಸರಿಯೇ, ಆದರೆ ಚೆಸ್ಸಿನ ಚರಿತ್ರೆಯನ್ನು ಅವರು ಪೂರ್ತಿ ಓದಿರಲಿಲ್ಲ. ಮಹಿಳಾ ವಿಶ್ವ ಚಾಂಪಿಯನ್‌ಶಿಪ್ 1927ರಲ್ಲಿ ಶುರುವಾಯಿತು. ಅದನ್ನು ಗೆದ್ದ ವೆರಾ ಮೆಂಚಿಕ್ 1944ರಲ್ಲಿ ಲಂಡನ್ನಿನ ಬಾಂಬ್ ದಾಳಿಯಲ್ಲಿ ಸಾಯುವವರೆಗೂ ಆ ಪಟ್ಟ ಬಿಟ್ಟುಕೊಡಲಿಲ್ಲ. ಜೊತೆಗೆ ಗಂಡಸರ ನಡುವಿನ ದೊಡ್ಡ ಪಂದ್ಯಗಳಲ್ಲೂ ಆಡುತ್ತಿದ್ದರು. ಮೊದಲ ಚಾಂಪಿಯನ್ನೇ ಎರಡು ಕಣದಲ್ಲೂ ಕಾಲಿಟ್ಟಿದ್ದರು. ಆದರೆ ವ್ಯವಸ್ಥೆ ಅದನ್ನು ಮರೆತಿತು. 1986ರಲ್ಲಿ ಹಂಗೆರಿಯ ಸೂಸನ್ ಪೋಲ್ಗಾರ್ ವಿಶ್ವ ಚಾಂಪಿಯನ್‌ಶಿಪ್‌ನ ವಲಯ ಹಂತಕ್ಕೆ ಅರ್ಹತೆ ಪಡೆದರೂ, ಅದು ‘ಪುರುಷರ’ ಚಾಂಪಿಯನ್‌ಶಿಪ್ ಎಂಬ ಕಾರಣ ಕೊಟ್ಟು ಬಿಡಲಿಲ್ಲ. ಆಮೇಲೆ ಆ ಹೆಸರೇ ಬದಲಾಯಿತು. ಅವರ ತಂಗಿ ಜೂಡಿತ್ ಮಹಿಳಾ ಪಟ್ಟಕ್ಕೆ ಸ್ಪರ್ಧಿಸಲೇ ಇಲ್ಲ. 2735 ರೇಟಿಂಗ್ ಮುಟ್ಟಿ ಜಗತ್ತಿನ ಮೊದಲ ಹತ್ತರಲ್ಲಿ ನಿಂತರು. ಜೂಡಿತ್‌ಳನ್ನು ತೋರಿಸಿ “ನೋಡಿ, ಪ್ರತ್ಯೇಕ ಪಂದ್ಯ ಬೇಡ” ಎನ್ನುವವರು ಒಂದನ್ನು ಮರೆಯುತ್ತಾರೆ. ಆಕೆಯ ತಂದೆ ಲಾಸ್ಲೋ ಮೂವರು ಹೆಣ್ಣುಮಕ್ಕಳನ್ನೂ ಶಾಲೆಗೆ ಕಳಿಸದೆ ಮನೆಯಲ್ಲೇ ಚೆಸ್ ಕಲಿಸಿದವರು. ಅಂಥ ಮನೆ ಎಲ್ಲ ಹುಡುಗಿಯರಿಗೂ ಇರುವುದಿಲ್ಲ.

2009ರಲ್ಲಿ ಮೆರಿಮ್ ಬಿಲಾಲಿಚ್ ಮತ್ತು ಸಂಗಡಿಗರು ಜರ್ಮನಿಯ ಚೆಸ್ ರೇಟಿಂಗ್‌ಗಳನ್ನು ತೆಗೆದು ಲೆಕ್ಕ ಹಾಕಿದರು. ಅಲ್ಲಿ ಒಬ್ಬ ಆಟಗಾರ್ತಿಗೆ ಹದಿನಾರು ಗಂಡಸರಿದ್ದರು. ಮೊದಲ ನೂರು ಗಂಡಸರಿಗೂ ಮೊದಲ ನೂರು ಹೆಂಗಸರಿಗೂ ಇದ್ದ ಅಂತರದಲ್ಲಿ ನೂರಕ್ಕೆ 96 ಪಾಲನ್ನು ಈ ಸಂಖ್ಯೆಯ ಅಂತರವೊಂದೇ ವಿವರಿಸುತ್ತದೆ ಎಂಬುದು ಅವರು ಕಂಡುಕೊಂಡದ್ದು. ತುದಿಯಲ್ಲಿ ಯಾರು ಇರುತ್ತಾರೆ ಎಂಬುದನ್ನು ಬುಡದಲ್ಲಿ ಎಷ್ಟು ಜನ ಇದ್ದಾರೆ ಎಂಬುದೇ ಬಹುಪಾಲು ತೀರ್ಮಾನಿಸುತ್ತದೆ. ಬುಡ ಹಿಗ್ಗಿಸುವ ಉಪಾಯವಾಗಿ ಪ್ರತ್ಯೇಕ ಪಂದ್ಯಾವಳಿಗೆ ನನ್ನ ಬೆಂಬಲವಿದೆ. ರಾಗಿಯ ಸಸಿಮಡಿ ಮಾಡುವುದು ಪೈರು ಬಲಿತ ಮೇಲೆ ಕಿತ್ತು ಹೊಲಕ್ಕೆ ನಾಟಿ ಮಾಡಲಿಕ್ಕೆ. ಮಡಿಯಲ್ಲೇ ಬಿಟ್ಟರೆ ತೆನೆ ಚೆನ್ನಾಗಿ ಕಟ್ಟುವುದಿಲ್ಲ.

ಚೆಸ್ ಈಗ ಈ ನಾಟಿಯನ್ನು ಮಾಡುತ್ತಿದೆ. 2025ರ ಜುಲೈನಲ್ಲಿ ಬಟುಮಿಯಲ್ಲಿ ನಾಗಪುರದ ದಿವ್ಯಾ ದೇಶಮುಖ್ ಕೊನೇರು ಹಂಪಿಯನ್ನು ಸೋಲಿಸಿ ಮಹಿಳಾ ವಿಶ್ವಕಪ್ ಗೆದ್ದರು, ಅದರ ಬಲದಿಂದಲೇ ಗ್ರ್ಯಾಂಡ್‌ಮಾಸ್ಟರ್ ಆದರು. ಸೆಪ್ಟೆಂಬರಿನಲ್ಲಿ ಸಮರ್ಕಂದ್‌ನ ಗ್ರ್ಯಾಂಡ್ ಸ್ವಿಸ್‌ನಲ್ಲಿ ಮುಕ್ತ ವಿಭಾಗಕ್ಕೇ ಇಳಿದರು. ಅದೇ ಊರು, ಅದೇ ದಿನಗಳಲ್ಲಿ ಚೆನ್ನೈನ ವೈಶಾಲಿ ಮಹಿಳಾ ವಿಭಾಗ ಗೆದ್ದರು. ವೈಶಾಲಿಯೂ ತಮ್ಮ ಪ್ರಜ್ಞಾನಂದನೂ ಒಂದೇ ಮನೆಯವರು, ಇಬ್ಬರೂ ಗ್ರ್ಯಾಂಡ್‌ಮಾಸ್ಟರ್‌ಗಳು. ಇಬ್ಬರೂ 2024ರ ಟೊರೊಂಟೊ ಕ್ಯಾಂಡಿಡೇಟ್ಸ್ ಪಂದ್ಯಾವಳಿಗೆ ಹೋದರು. ಅಲ್ಲಿ ಮುಕ್ತ ವಿಭಾಗದ ಒಟ್ಟು ಬಹುಮಾನ 5 ಲಕ್ಷ ಯೂರೋ, ಮಹಿಳಾ ವಿಭಾಗದ್ದು ಎರಡೂವರೆ ಲಕ್ಷ. ಹಣದ ಅಂತರ ಅರ್ಧಕ್ಕರ್ಧ ಇತ್ತು, ಅದು ಸರಿಯಲ್ಲ. ಆದರೂ ಮಹಿಳಾ ವಿಭಾಗದಲ್ಲಿ ಗೆದ್ದವಳಿಗೆ ಮುಂದಿನ ದಾರಿ ಎಲ್ಲಿದೆ ಎಂಬುದು ಕಾಣುತ್ತದೆ.

ಕಂಪ್ಯೂಟರ್, ಮೊಬೈಲ್ ಆಟಗಳಲ್ಲಿ ಆ ದಾರಿ ಕಾಣದಿರಲು ಚೆಸ್ಸಿನಲ್ಲಿ ಇಲ್ಲದ ಒಂದು ಕಾರಣವಿದೆ. ಚೆಸ್ ಒಬ್ಬರ ಆಟ. ಹೆಸರು ಕೊಟ್ಟು ಹಲಗೆಯ ಮುಂದೆ ಕೂತರೆ ಮುಗಿಯಿತು, ಯಾರ ಒಪ್ಪಿಗೆಯೂ ಬೇಕಿಲ್ಲ. ಇ-ಸ್ಪೋರ್ಟ್ಸ್‌ನ ಮುಕ್ತ ಕಣದಲ್ಲಿ ಮೇಲೆ ಬಂದ ಹೆಣ್ಣುಮಕ್ಕಳನ್ನು ನೋಡಿ. ಕೆನಡಾದ ಸ್ಕಾರ್ಲೆಟ್ 2018ರಲ್ಲಿ ಪ್ಯೊಂಗ್‌ಚಾಂಗ್‌ನಲ್ಲಿ ಸ್ಟಾರ್‌ಕ್ರಾಫ್ಟ್ 2ರ ದೊಡ್ಡ ಪಂದ್ಯಾವಳಿ ಗೆದ್ದರು. ಚೀನಾದ ಲಿ ಶಿಯಾವ್‌ಮೆಂಗ್ 2019ರಲ್ಲಿ ಹರ್ತ್‌ಸ್ಟೋನ್‌ನ ಜಾಗತಿಕ ಫೈನಲ್ ಗೆದ್ದರು. ಹಿಂದೊಮ್ಮೆ ಪಂದ್ಯಕ್ಕೆ ಸಾಲಿನಲ್ಲಿ ನಿಂತಾಗ, ಹುಡುಗಿಯಾದ ನಿನಗೆ ಈ ಸಾಲು ಏಕೆ ಎಂದು ಒಬ್ಬ ಕೇಳಿದ್ದನ್ನು ಆಕೆ ಗೆದ್ದ ವೇದಿಕೆಯ ಮೇಲೆ ನೆನೆದರು. ಇವೆರಡೂ ಒಬ್ಬರೇ ಆಡುವ ಆಟಗಳು. ತಂಡದ ಆಟಗಳಿಗೆ ಬಂದರೆ ಕತೆಯೇ ಬೇರೆ. ಲೀಗ್ ಆಫ್ ಲೆಜೆಂಡ್ಸ್‌ನ ಉತ್ತರ ಅಮೆರಿಕ ಲೀಗ್‌ಗೆ 2016ರಲ್ಲಿ ಕಾಲಿಟ್ಟ ಮೊದಲ ಮಹಿಳೆ ಮರಿಯಾ ಕ್ರೆವೆಲಿಂಗ್ ಎಷ್ಟು ಬೈಗುಳ ತಿಂದರೆಂದರೆ, ಕೆಲವೇ ವಾರಗಳಲ್ಲಿ ತಂಡ ಬಿಟ್ಟರು. ಅದೇ ವರ್ಷ ಕೊರಿಯಾದ ಗೆಗುರಿ ಎಂಬ ಹದಿಹರೆಯದ ಹುಡುಗಿ ಓವರ್‌ವಾಚ್‌ನಲ್ಲಿ ಚೆನ್ನಾಗಿ ಗುರಿಯಿಡುತ್ತಾಳೆ ಎಂಬುದಕ್ಕೇ ಮೋಸದ ಆರೋಪ ಹೊತ್ತು, ಸ್ಟುಡಿಯೋದಲ್ಲಿ ಎಲ್ಲರ ಕಣ್ಣೆದುರು ಆಡಿ ತನ್ನ ಕೈಚಳಕ ತನ್ನದೇ ಎಂದು ತೋರಿಸಬೇಕಾಯಿತು. 2018ರಲ್ಲಿ ಆಕೆ ಓವರ್‌ವಾಚ್ ಲೀಗ್‌ನ ಮೊದಲ ಆಟಗಾರ್ತಿಯಾದರು ಎಂಬುದನ್ನು ಸಂತೋಷದಿಂದ ಹೇಳುತ್ತೇನೆ. ಆ ಸ್ಟುಡಿಯೋದ ಪರೀಕ್ಷೆಯನ್ನು ಯಾವ ಹುಡುಗನಿಗೆ ಕೊಡುತ್ತಿದ್ದರು?

ಸ್ಕ್ವಾಡ್ ಆಟದಲ್ಲಿ ಮಾತು ಆಟದ ಅರ್ಧ ಭಾಗ. ಶತ್ರು ಎಲ್ಲಿದ್ದಾನೆ, ಯಾರಿಗೆ ಏಟು ಬಿತ್ತು, ಯಾವ ಕಡೆ ನುಗ್ಗಬೇಕು, ಎಲ್ಲವೂ ಮೈಕ್‌ನಲ್ಲಿ ಹೇಳಬೇಕಾದದ್ದು. ಹೆಣ್ಣುದನಿ ಕೇಳಿದ ಕೂಡಲೇ ಹೊಲಸು ಮಾತು ಶುರುವಾಗುವುದರಿಂದ ಎಷ್ಟೋ ಹುಡುಗಿಯರು ಮೈಕ್ ಆಫ್ ಮಾಡಿಕೊಂಡೇ ಆಡುತ್ತಾರೆ. ಬಾಯಿ ಮುಚ್ಚಿಕೊಂಡು ಆಡಿದವಳು ಗುರಿಯಿಡುವುದನ್ನು ಕಲಿಯಬಹುದು, ತಂಡ ನಡೆಸುವುದನ್ನು ಕಲಿಯಲಾರಳು. ನನ್ನ ಮಟ್ಟಿಗೆ ಪ್ರತ್ಯೇಕ ಪಂದ್ಯಾವಳಿಗೆ ಇರುವ ಗಟ್ಟಿ ಸಮರ್ಥನೆ ಇದು: ಅಲ್ಲಿ ಅವಳು ಗಟ್ಟಿಯಾಗಿ ಕೂಗಬಹುದು.

ಈ ಕಣ್ಣಿನಿಂದ ನೋಡಿದರೆ, ವ್ಯಾಲರಂಟ್ ಆಟವನ್ನು ಮಾಡಿದ ರಯಟ್ ಸಂಸ್ಥೆ 2021ರಲ್ಲಿ ಶುರುಮಾಡಿದ ‘ಗೇಮ್ ಚೇಂಜರ್ಸ್’ ಸರಣಿ ಇದುವರೆಗಿನ ಒಳ್ಳೆಯ ಪ್ರಯತ್ನ. ಒಂದು ದಿನದ ಪ್ರದರ್ಶನವಾಗದೆ ವರ್ಷವಿಡೀ ನಡೆಯುವ ಪಂದ್ಯಗಳು, ಸಂಬಳ ಕೊಡುವ ತಂಡಗಳು, 2022ರಲ್ಲಿ ಬರ್ಲಿನ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಜಿ2 ಗೋಜೆನ್ ತಂಡ ಗೆದ್ದ ಆ ಫೈನಲ್ ಐದನೆಯ ಮ್ಯಾಪ್‌ವರೆಗೂ ಎಳೆದಾಡಿತು. ಹೆಣ್ಣುಮಕ್ಕಳ ಆಟ ಸಪ್ಪೆ ಎನ್ನುವವರು ಅದನ್ನು ನೋಡಬೇಕು. ಆದರೆ ಆ ಸರಣಿಯಲ್ಲಿ ಗೆದ್ದು ಬೆಳೆದ ಆಟಗಾರ್ತಿಯೊಬ್ಬಳು ಅದೇ ಆಟದ ಮೇಲಿನ ಹಂತದ ಅಂತರರಾಷ್ಟ್ರೀಯ ಲೀಗ್‌ನ ತಂಡದಲ್ಲಿ ಆಡುವುದನ್ನು ಕಾಣಲು 2025ರವರೆಗೆ ಕಾಯಬೇಕಾಯಿತು. ನಾಲ್ಕು ವರ್ಷ! ಪಂದ್ಯಾವಳಿ ಒಳ್ಳೆಯದೇ, ಅದರ ಕೊನೆಯಲ್ಲಿರುವ ಗೋಡೆ ಕೆಟ್ಟದ್ದು. ಗೆದ್ದ ತಂಡಕ್ಕೆ ಕಪ್ ಸಿಗುತ್ತದೆ, ಹಣ ಸಿಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ತಂಡಗಳ ಎದುರು ಅದೇ ಆಟ. ಮೇಲಿನ ಹಂತದ ತಂಡಗಳೊಂದಿಗೆ ದಿನವೂ ಅಭ್ಯಾಸ ಪಂದ್ಯ ಆಡದೆ ಯಾರ ಆಟವೂ ಮೇಲಕ್ಕೆ ಹೋಗುವುದಿಲ್ಲ.

ಗೋಡೆಯೊಳಗೆ ಕೂರಿಸಿದ ಪಂದ್ಯಾವಳಿಗೆ ಇನ್ನೊಂದು ಅಪಾಯವೂ ಇದೆ: ಅದು ಪೂರ್ತಿ ಪ್ರಾಯೋಜಕರ ಮರ್ಜಿಯಲ್ಲಿರುತ್ತದೆ. ಕೌಂಟರ್-ಸ್ಟ್ರೈಕ್ ಆಟದಲ್ಲಿ ಮಹಿಳೆಯರಿಗೆಂದು 2022ರಲ್ಲಿ ಆರಂಭವಾದ ‘ಇಎಸ್‌ಎಲ್ ಇಂಪ್ಯಾಕ್ಟ್’ ಸರಣಿಯನ್ನು, ಆರ್ಥಿಕವಾಗಿ ನಡೆಸಲಾಗದು ಎಂದು 2025ರಲ್ಲಿ ನಿಲ್ಲಿಸಿದರು. ಅದನ್ನೇ ನಂಬಿ ಓದು, ಕೆಲಸ ಬಿಟ್ಟು ಬಂದ ಹುಡುಗಿಯರಿಗೆ ಹೋಗಲು ಬೇರೆ ಮೆಟ್ಟಿಲು ಇರಲಿಲ್ಲ.

ನಮ್ಮ ಕನ್ನಡ ನಾಡಿನಲ್ಲೇ ಬೇರೊಂದು ಮಾದರಿ ಇದೆ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರುಮಾಡಿದ ಕೊಡವ ಕುಟುಂಬಗಳ ಹಾಕಿ ಉತ್ಸವ ಮೊದಲು 60 ಕುಟುಂಬಗಳದ್ದಾಗಿತ್ತು; 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಆಡಿದವು. ಅಲ್ಲಿ ಅಣ್ಣತಮ್ಮಂದಿರ ಜೊತೆ ಹೆಣ್ಣುಮಕ್ಕಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ಹಾಕಿ ಮೈಬಲ ಬೇಡುವ ಆಟ, ಆದರೂ ಅದು ಸಾಧ್ಯವಾಗಿದೆ. ಕಾರಣ ಸರಳ: ತಂಡ ಕಟ್ಟುವುದು ಒಕ್ಕದ, ಅಂದರೆ ಮನೆತನದ ಹೆಸರಿನಲ್ಲಿ. ಒಕ್ಕದಲ್ಲಿ ಹುಟ್ಟಿದವಳಿಗೆ ತಂಡದಲ್ಲಿ ಹಕ್ಕಿದೆ, ಯಾವ ಗೆಳೆಯರ ಗುಂಪೂ ಅವಳನ್ನು ಆರಿಸಬೇಕಿಲ್ಲ. ಬಿಜಿಎಂಐ ಸ್ಕ್ವಾಡ್ ಕಟ್ಟುವುದು ಜಗಲಿಯ ಗೆಳೆತನದ ಮೇಲೆ. ಜಗಲಿಗೆ ಬರಲಾರದವಳು ತಂಡಕ್ಕೂ ಬರಲಾರಳು. ನಮ್ಮ ತಾಳವಾಡಿಯ ಗುಮಟಾಪುರದಲ್ಲಿ ದೀಪಾವಳಿ ಮುಗಿದ ಮೇಲೆ ನಡೆಯುವ ಗೊರೆ ಹಬ್ಬದಲ್ಲೂ ಸಗಣಿ ಎರಚಾಡುವವರು ಗಂಡಸರೇ, ಹೆಂಗಸರು ದೂರ ನಿಂತು ನೋಡುವವರು. ಹಬ್ಬಕ್ಕೆ ಅದರ ಹಳೆಯ ಕಟ್ಟಳೆ ಇದೆ, ಅದರ ತಂಟೆಗೆ ನಾನು ಹೋಗುವುದಿಲ್ಲ. ಮೊನ್ನೆ ಮೊನ್ನೆ ಬಂದ ಮೊಬೈಲ್ ಆಟ ಅಂಥ ಕಟ್ಟಳೆಯನ್ನು ಎರವಲು ತರಬೇಕಾಗಿಲ್ಲ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಇಲಾಖೆಯ ಕೆಳಗೆ ತಂದಿತು. 2025ರ ಆಗಸ್ಟಿನ ಆನ್‌ಲೈನ್ ಆಟಗಳ ಕಾಯ್ದೆ ದುಡ್ಡು ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಕ್ರೀಡೆಯ ಮಾನ್ಯತೆ ಕೊಟ್ಟಿತು. ಇನ್ನು ಪಂದ್ಯಾವಳಿಗಳ ನಿಯಮಗಳನ್ನು ಬರೆಯುವ ಕಾಲ. ಮುಕ್ತ ವಿಭಾಗವನ್ನು ಯಾವ ಕಾಗದದಲ್ಲೂ ‘ಪುರುಷರ ವಿಭಾಗ’ ಎಂದು ಬರೆಯಬಾರದು; 1986ರಲ್ಲಿ ಸೂಸನ್ ಪೋಲ್ಗಾರ್‌ಗೆ ಅಡ್ಡ ಬಂದದ್ದು ಆ ಒಂದು ಪದ. ಮಹಿಳಾ ವಿಭಾಗ ಗೆದ್ದ ತಂಡಕ್ಕೆ ಮೇಲಿನ ಹಂತದ ಮುಕ್ತ ಸ್ಪರ್ಧೆಯಲ್ಲಿ ನೇರ ಜಾಗ ಮೀಸಲಿರಬೇಕು. ಕೊಡವರ ಒಕ್ಕದಂತೆ, ಪ್ರತಿ ಸ್ಕ್ವಾಡ್‌ನಲ್ಲೂ ಇಬ್ಬರು ಹುಡುಗಿಯರು ಇರಲೇಬೇಕಾದ ಮಿಶ್ರ ವಿಭಾಗವೊಂದನ್ನು ಶಾಲೆ, ಕಾಲೇಜು ಮಟ್ಟದಲ್ಲಿ ಶುರುಮಾಡಬೇಕು. ಪ್ರತ್ಯೇಕ ಪಂದ್ಯಾವಳಿಗಿಂತ ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಗೆಲ್ಲಬೇಕೆಂದರೆ ಹುಡುಗರೇ ಹೋಗಿ ತಂಗಿಯನ್ನು, ಸಹಪಾಠಿಯನ್ನು ಜಗಲಿಗೆ ಕರೆದು ಕೂರಿಸಿ ಆಟ ಕಲಿಸಬೇಕಾಗುತ್ತದೆ, ಅವಳ ಕೂಗಿಗೆ ಕಿವಿಗೊಡಬೇಕಾಗುತ್ತದೆ.

ಪಂದ್ಯ ನಡೆಯುವ ಜಾಗ, ಹೊತ್ತು ಕೂಡ ನಿಯಮದಲ್ಲೇ ಇರಲಿ. ಆಯ್ಕೆ ಸುತ್ತುಗಳು ತಾಲ್ಲೂಕು ಕೇಂದ್ರದ ಶಾಲೆಯೊಂದರಲ್ಲಿ ಹಗಲು ಹೊತ್ತು ನಡೆಯಬೇಕು, ಆಡಲು ಫೋನನ್ನು ಪಂದ್ಯ ನಡೆಸುವವರೇ ಕೊಡಬೇಕು. ಈರೋಡಿನಲ್ಲಿ ಜಿಲ್ಲಾ ಸುತ್ತು ಇಟ್ಟರೆ, ಬೆಟ್ಟದ ಹುಡುಗಿಯರು ದಿಂಬಂ ಘಾಟಿಯ 27 ತಿರುವು ಇಳಿದು ಹೋಗಿ ಬರಬೇಕು. ಅದು ಹುಲಿಕಾಡಿನ ದಾರಿ, ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಬೆಳಿಗ್ಗೆ ಹೊರಟವರು ಕತ್ತಲಿಗೆ ಮೊದಲು ತಾಳವಾಡಿ ತಲುಪುವಂತೆ ಅವರ ಪಂದ್ಯಗಳನ್ನು ಮುಂಚೆ ಇಡಬೇಕು, ಜೊತೆಗೆ ಬರುವ ಅವ್ವನಿಗೋ ಟೀಚರಿಗೋ ಬಸ್ ಚಾರ್ಜು ಕೊಡಬೇಕು.