ಅರ್ಧಕ್ಕೆ ನಿಂತ ಸ್ವಚಿತ್ರಗಳು

ಫೋಟೋ ಎಂದರೆ ತೊಳೆಸಿ ತರಬೇಕಾದದ್ದು ಎಂದಿದ್ದ ಕಾಲವನ್ನು ನಮ್ಮ ಓದುಗರಲ್ಲಿ ಅನೇಕರು ಕಂಡವರೇ. ಮದುವೆಮನೆಯಲ್ಲಿ ತೆಗೆದ ರೀಲು ಸ್ಟುಡಿಯೋ ಸೇರಿದರೆ ಮರಳಿ ಬರಲು ವಾರ ಬೇಕು, ಕೆಲವೊಮ್ಮೆ ಹದಿನೈದು ದಿನ ಬೇಕು. ಕ್ಯಾಮೆರಾದ ಮುಂದೆ ನಕ್ಕವನಿಗೆ ತಾನು ಹೇಗೆ ನಕ್ಕೆನೆಂದು ತಿಳಿಯುತ್ತಿದ್ದುದು ಆ ನಗೆಯೇ ಮರೆತುಹೋದ ಮೇಲೆ. ಹುಡುಗನಾಗಿದ್ದಾಗ ಅಂಥದೊಂದು ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಒಂದು ಸಂಜೆ ನಿಲ್ಲುವ ಅವಕಾಶ ನನಗೆ ದೊರೆತಿತ್ತು. ಕೆಂಪು ದೀಪದ ಮಂಕು ಬೆಳಕಿನಲ್ಲಿ, ಟ್ರೇಯಲ್ಲಿ ಮುಳುಗಿದ್ದ ಬಿಳಿಯ ಕಾಗದದ ಮೇಲೆ ಮೊದಲು ಕೂದಲು, ಆಮೇಲೆ ಕಣ್ಣಗುಡ್ಡೆ, ಕಟ್ಟಕಡೆಗೆ ಕೆನ್ನೆ ಮೂಡಿಬಂದವು. ಫೋಟೋಗ್ರಾಫರು ಕಾಗದವನ್ನು ಚಿಮುಟದಿಂದ ಎತ್ತಿ ನೀರಿನಲ್ಲಿ ಅದ್ದಿ ಹೈಪೋಗೆ ಹಾಕಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಮುಖ ಕಪ್ಪಾಗುತ್ತಿತ್ತು ಎಂದರು. ಆ ಮುಖ ಎಷ್ಟು ಬೆಳ್ಳಗಿರಬೇಕೆಂದು ನಿರ್ಧರಿಸಿದವರು ಅವರು. ಮುಖದ ಒಡತಿ ಅಷ್ಟು ಹೊತ್ತಿಗೆ ಮನೆಯಲ್ಲಿ ಅಡುಗೆಗೆ ನಿಂತಿದ್ದಿರಬೇಕು.

ಆ ಸಂಜೆಯನ್ನು ನೆನಪಿಗೆ ತಂದದ್ದು ಒಂದು ಪುಸ್ತಕ. ಅಮೆರಿಕದ ವಿವಿಯನ್ ಮೈಯರ್ ಅವರು ತಮ್ಮನ್ನು ತಾವೇ ತೆಗೆದುಕೊಂಡ ಛಾಯಾಚಿತ್ರಗಳನ್ನು ಜಾನ್ ಮಲೂಫ್ ಅವರು ಒಟ್ಟುಗೂಡಿಸಿ 2013ರಲ್ಲಿ ಹೊರತಂದ 'ಸೆಲ್ಫ್ ಪೋರ್ಟ್ರೇಟ್ಸ್' ಎಂಬ ಗ್ರಂಥ ಅದು.

ಮೈಯರ್ ಅವರ ಕಥೆ ಈಗ ಜಗತ್ತಿಗೆಲ್ಲ ಗೊತ್ತಿರುವುದರಿಂದ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 1926ರಲ್ಲಿ ನ್ಯೂಯಾರ್ಕಿನಲ್ಲಿ ಜನನ, ತಾಯಿ ಫ್ರಾನ್ಸಿನವರು. ಬಾಲ್ಯದ ಕೆಲವು ವರ್ಷಗಳು ಫ್ರೆಂಚ್ ಆಲ್ಪ್ಸ್ ಪರ್ವತಗಳ ನಡುವಣ ಹಳ್ಳಿಯಲ್ಲಿ ಕಳೆದವು. 1956ರಲ್ಲಿ ಷಿಕಾಗೋಗೆ ಬಂದು, ಹೊರವಲಯದ ಹೈಲೆಂಡ್ ಪಾರ್ಕಿನ ಒಂದು ಕುಟುಂಬದಲ್ಲಿ ಮೂವರು ಗಂಡುಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಸುಮಾರು 16 ವರ್ಷ ಅಲ್ಲಿದ್ದರು. ಮುಂದೆ ಬೇರೆ ಬೇರೆ ಮನೆಗಳಲ್ಲಿ ಅದೇ ಕೆಲಸ. ಕೊರಳಿಗೆ ಸದಾ ಕ್ಯಾಮೆರಾ. 2007ರಲ್ಲಿ, ಬಾಡಿಗೆ ಬಾಕಿಯಾಗಿ ಅವರ ಪೆಟ್ಟಿಗೆಗಳು ಹರಾಜಾದವು. ಒಂದು ಪೆಟ್ಟಿಗೆ ನೆಗೆಟಿವ್‌ಗಳನ್ನು ನಾನೂರು ಡಾಲರಿನೊಳಗೆ ಕೊಂಡ ತರುಣರೇ ಮಲೂಫ್. ಮೈಯರ್ ಅವರು 2009ರ ಏಪ್ರಿಲ್‌ನಲ್ಲಿ ತೀರಿಕೊಂಡರು. ವೃದ್ಧಾಪ್ಯದಲ್ಲಿ ಅವರ ಮನೆ ಬಾಡಿಗೆಗೆ ನೆರವಾದವರು ಅವರು ಸಾಕಿದ ಆ ಮೂವರು ಹುಡುಗರೇ. ಉಳಿದದ್ದು ಒಂದು ಲಕ್ಷಕ್ಕೂ ಮಿಕ್ಕ ನೆಗೆಟಿವ್‌ಗಳು, ತೊಳೆಸದೆಯೇ ಇಟ್ಟ ನೂರಾರು ರೀಲುಗಳು. ಕಾಗದಕ್ಕೆ ಇಳಿಸಿಕೊಂಡ ಚಿತ್ರಗಳು ಮಾತ್ರ ಕೆಲವೇ ಸಾವಿರ.

ಪುಸ್ತಕದಲ್ಲಿ ಅವರು ಎಲ್ಲೆಲ್ಲಿ ಕಾಣುತ್ತಾರೆಂಬುದೇ ಒಂದು ಬೆರಗು. ಅಂಗಡಿಯ ಗಾಜಿನಲ್ಲಿ, ಸ್ನಾನದ ಮನೆಯ ಕನ್ನಡಿಯಲ್ಲಿ, ಗೋಡೆಯ ಮೇಲೆ ಬಿದ್ದ ನೆರಳಿನಲ್ಲಿ, ಎದುರುಬದುರು ಕನ್ನಡಿಗಳ ನಡುವೆ ಒಂದರ ಹಿಂದೊಂದು ಸಾಲಾಗಿ ಅವರೇ. ಕೆಲಸಗಾರನೊಬ್ಬ ಬೀದಿಯಲ್ಲಿ ದೊಡ್ಡ ಕನ್ನಡಿಯನ್ನು ಎತ್ತಿ ಸಾಗಿಸುತ್ತಿರುವಾಗ, ಅದು ತಮ್ಮೆದುರು ಹಾದ ಕ್ಷಣವನ್ನೇ ಹಿಡಿದ ಚಿತ್ರವೊಂದಿದೆ. ಇವುಗಳಲ್ಲಿ ಅಲಂಕಾರವಿಲ್ಲ. ಅಗಲ ಕೋಟು, ಕತ್ತರಿಸಿದ ಕೂದಲು, ನಗದ ಬಾಯಿ. ತಾನು ಚೆನ್ನಾಗಿ ಕಾಣಬೇಕೆಂಬ ಹಂಬಲ ಒಂದರಲ್ಲೂ ಕಾಣದು. ಇಂಥ ಬೆಳಕಿನಲ್ಲಿ, ಇಂಥ ಗಾಜಿನಲ್ಲಿ ಈ ಹೆಂಗಸು ಎಷ್ಟು ಜಾಗ ಹಿಡಿಯುತ್ತಾಳೆಂದು ಅಳೆದು ನೋಡುವ ಶಿಸ್ತು ಮಾತ್ರ ಇದೆ. ನನಗೆ ಪ್ರಿಯವಾದದ್ದು ಆ ಶಿಸ್ತೇ.

ಅವರು 1952ರಲ್ಲಿ ಕೊಂಡ ಕ್ಯಾಮೆರಾ ರೋಲಿಫ್ಲೆಕ್ಸ್. ಅದರಲ್ಲಿ ಎರಡು ಲೆನ್ಸು: ಮೇಲಿನದು ನೋಡಲು, ಕೆಳಗಿನದು ಚಿತ್ರ ತೆಗೆಯಲು. ಎದೆಯ ಮಟ್ಟದಲ್ಲಿ ಹಿಡಿದು, ತಲೆ ಬಾಗಿಸಿ, ಮೇಲಿರುವ ಮಸಕು ಗಾಜಿನೊಳಗೆ ನೋಡಬೇಕು. ಅಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಒಂದು ರೀಲಿಗೆ 12 ಚೌಕ ಚಿತ್ರಗಳು ಮಾತ್ರ.

ಈಗ ಈ ಕ್ಯಾಮೆರಾ ಹಿಡಿದು ಕನ್ನಡಿಯ ಮುಂದೆ ನಿಂತವರನ್ನು ಊಹಿಸಿಕೊಳ್ಳಿ. ಕನ್ನಡಿ ಮುಖದ ಎಡಬಲವನ್ನು ಒಮ್ಮೆ ತಿರುಗಿಸಿದೆ. ಕ್ಯಾಮೆರಾದ ಗಾಜು ಅದನ್ನು ಮತ್ತೊಮ್ಮೆ ತಿರುಗಿಸುತ್ತದೆ. ಹೀಗಾಗಿ ತಲೆ ಬಾಗಿಸಿ ನೋಡಿದಾಗ ಮೈಯರ್ ಅವರಿಗೆ ಕಂಡದ್ದು ಉಳಿದವರೆಲ್ಲ ನೋಡುತ್ತಿದ್ದ ಮೈಯರ್. ತಲೆಯೆತ್ತಿ ನೋಡಿದಾಗ ಕಂಡದ್ದು ಅವರು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಕಾಣುತ್ತಿದ್ದ ಮೈಯರ್. ಬಹಳಷ್ಟು ಚಿತ್ರಗಳಲ್ಲಿ ಅವರು ತಲೆಯೆತ್ತಿಯೇ ಇದ್ದಾರೆ. ಗಾಜಿನೊಳಗೆ ಎಲ್ಲವನ್ನೂ ಹೊಂದಿಸಿಕೊಂಡು, ಆಮೇಲೆ ಮುಖವೆತ್ತಿ ಗುಂಡಿ ಒತ್ತಿದ್ದಾರೆ. ಫಿಲ್ಮಿನ ಮೇಲೆ ಬಿದ್ದದ್ದೂ ಕನ್ನಡಿಯ ಮುಖವೇ. ಹಾಗೆಯೇ ಅಚ್ಚು ಹಾಕಿದರೆ ಕ್ಯಾಮೆರಾದ ಮೇಲಿನ ಅಕ್ಷರಗಳು ತಿರುಗುಮುರುಗಾಗಿ ಬರುತ್ತವೆ. ಕತ್ತಲೆ ಕೋಣೆಯಲ್ಲಿ ನೆಗೆಟಿವ್ ಅನ್ನು ಮಗುಚಿ ಎನ್ಲಾರ್ಜರಿಗೆ ಹಾಕಿದರೆ ಅಕ್ಷರ ನೇರವಾಗುತ್ತವೆ, ಮುಖ ಇನ್ನೊಬ್ಬರ ಕಣ್ಣಿನ ಮುಖವಾಗುತ್ತದೆ. ತಾನು ಬಲ್ಲ ತನ್ನನ್ನು ಕಾಗದಕ್ಕೆ ಇಳಿಸಬೇಕೇ, ಲೋಕ ಬಲ್ಲ ತನ್ನನ್ನೇ? ಸ್ವಚಿತ್ರದ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಯಾವುದಿದೆ? ಬೀದಿಯಲ್ಲಿ ಇದಕ್ಕೆ ಉತ್ತರ ಕೊಡಬೇಕಾಗಿಲ್ಲ. ಕತ್ತಲೆ ಕೋಣೆಯಲ್ಲಿ ಕೊಡಲೇಬೇಕು.

ಅಲ್ಲಿ ನಿರ್ಧಾರವಾಗುವುದು ಅದೊಂದೇ ಅಲ್ಲ. ಎಷ್ಟು ಸೆಕೆಂಡು ಬೆಳಕು ಬೀಳಬೇಕು, ಯಾವ ಮೂಲೆಗೆ ಕೈ ಅಡ್ಡ ಹಿಡಿದು ತಿಳಿಯಾಗಿಸಬೇಕು, ಯಾವುದನ್ನು ಇನ್ನಷ್ಟು ಸುಡಬೇಕು, ಕಾಗದ ಹೊಳಪಿನದೋ ಮಾಸಲೋ, ಅಂಚಿನಲ್ಲಿ ಏನನ್ನು ಕತ್ತರಿಸಿ ಬಿಡಬೇಕು. ಕಾಯುವಿಕೆಯೂ ಇದರಲ್ಲಿ ಸೇರಿದೆ. ನೆಗೆಟಿವ್‌ನಲ್ಲಿ ಮುಖ ಕಪ್ಪು, ಕೂದಲು ಬಿಳಿ. ಅದು ನಮ್ಮದೆಂದು ಗುರುತು ಸಿಗುವುದೇ ಕಷ್ಟ. ತಾನೇ ತೆಗೆದ ತನ್ನ ಮುಖ ಕಾಗದದ ಮೇಲೆ ಮೂಡುವುದನ್ನು ಬಗ್ಗಿ ನೋಡುತ್ತ ನಿಂತು, ಸಾಕೆನಿಸಿದಾಗ ಎತ್ತುವವರೆಗೆ ಸ್ವಚಿತ್ರ ಮುಗಿದಂತಲ್ಲ.

ಮೈಯರ್ ಅವರಿಗೆ ಈ ವಿದ್ಯೆ ಬಾರದೆ ಇರಲಿಲ್ಲ. ಹೈಲೆಂಡ್ ಪಾರ್ಕಿನ ಮನೆಯಲ್ಲಿ ತಮಗೆ ಬಿಟ್ಟುಕೊಟ್ಟ ಸ್ನಾನದ ಕೋಣೆಯನ್ನೇ ಅವರು ಕತ್ತಲೆ ಕೋಣೆ ಮಾಡಿಕೊಂಡಿದ್ದರು. ಅವರು ಇಳಿಸಿದ ಅಚ್ಚುಗಳಲ್ಲಿ ಬಹಳಷ್ಟು ಚೌಕವಾಗಿಲ್ಲ. ಎರಡೂ ಬದಿಗಳನ್ನು ಕತ್ತರಿಸಿ ಉದ್ದಕ್ಕೆ ಮಾಡಿದ್ದಾರೆ. ಬೇಡವೆನಿಸಿದ್ದನ್ನು ನಿರ್ದಾಕ್ಷಿಣ್ಯವಾಗಿ ಹೊರಗಿಟ್ಟಿದ್ದಾರೆ. ಆಲ್ಪ್ಸ್‌ನ ತಮ್ಮ ಹಳ್ಳಿ ಕಡೆಯ ಫೋಟೋಗ್ರಾಫರೊಬ್ಬರಿಗೆ, ತಮ್ಮ ಚಿತ್ರಗಳನ್ನು ಅವರಿಂದಲೇ ಅಚ್ಚು ಹಾಕಿಸಬೇಕೆಂದು ಬರೆದ ಪತ್ರವೂ ಸಿಕ್ಕಿದೆ. ತಮ್ಮ ಚಿತ್ರಗಳನ್ನು ಯಾರಿಗೂ ತೋರಿಸಲು ಅವರಿಗೆ ಇಷ್ಟವಿರಲಿಲ್ಲ ಎನ್ನುವವರಿಗೆ ಮಲೂಫ್ ಅವರು ಈ ಪತ್ರವನ್ನೇ ಉತ್ತರವಾಗಿ ಹಿಡಿಯುತ್ತಾರೆ. ಆದರೆ ಅದು ಎರಡೂ ಕಡೆ ಕೊಯ್ಯುವ ಕತ್ತಿ. ಯಾರು ಅಚ್ಚು ಹಾಕಬೇಕು, ಹೇಗೆ ಹಾಕಬೇಕು ಎಂಬುದು ಆ ಹೆಣ್ಣುಮಗಳಿಗೆ ಸಣ್ಣ ಮಾತಾಗಿರಲಿಲ್ಲವೆಂದೂ ಅದೇ ಪತ್ರ ಸಾರುತ್ತದೆ.

ಪುಸ್ತಕದ ಬಗ್ಗೆ ನನ್ನ ತಕರಾರು ಇಲ್ಲಿದೆ. ಇದರ ಪುಟಗಳಲ್ಲಿ ಚೌಕದ ಪೂರ್ತಿ ನೆಗೆಟಿವ್, ಅಂಚಿನಿಂದ ಅಂಚಿಗೆ. ಏನನ್ನೂ ಬಿಡದಿರುವುದು ಒಂದು ಬಗೆಯ ಪ್ರಾಮಾಣಿಕತೆ ನಿಜ. ಸತ್ತವರ ಕೃತಿಗೆ ಕತ್ತರಿ ಹಾಕದಿರುವ ಸಂಕೋಚ ಅದು, ಅದನ್ನು ಗೌರವಿಸುತ್ತೇನೆ. ಆದರೆ ಕತ್ತರಿ ಹಾಕುವುದೇ ಅವರ ಕೈಯ ಗುಣವಾಗಿತ್ತಲ್ಲ! ನುರಿತ ಕೈಗಳು ಇಳಿಸಿದ ಈ ಹದವಾದ ಕಪ್ಪುಬಿಳುಪು, ಈ ಸಮತೂಕದ ಚೌಕ, ಇವೆಲ್ಲ ಸೇರಿ ನಮ್ಮ ಮುಂದೆ ಒಬ್ಬ ಮೈಯರ್ ನಿಲ್ಲುತ್ತಾರೆ. ಅವರು ತುಂಬ ಚೆಲುವಾಗಿದ್ದಾರೆ, ಆದರೆ ಅವರಲ್ಲಿ ಅರ್ಧ ಪಾಲು ಅಚ್ಚು ಹಾಕಿದವರದು. ಅದನ್ನು ಮೊದಲ ಪುಟದಲ್ಲೇ ಹೇಳಿ, ಅವರ ಸ್ವಂತ ಅಚ್ಚುಗಳನ್ನು ಪಕ್ಕದಲ್ಲಿಟ್ಟು ತೋರಿಸಿದ್ದರೆ ಓದುಗನೇ ಹೋಲಿಸಿ ನೋಡುತ್ತಿದ್ದ.

2013ರಲ್ಲೇ ಬಂದ 'ಫೈಂಡಿಂಗ್ ವಿವಿಯನ್ ಮೈಯರ್' ಎಂಬ ಸಾಕ್ಷ್ಯಚಿತ್ರ ನನಗೆ ಇನ್ನಷ್ಟು ಮುಜುಗರ ತಂದಿತು. ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರವದು, ಕುತೂಹಲಕ್ಕೇನೂ ಕೊರತೆಯಿಲ್ಲ. ಆದರೆ ಅದು ಅವರನ್ನು ಬಿಡಿಸಬೇಕಾದ ಒಗಟಿನಂತೆ ಕಾಣುತ್ತದೆ. ಕೂಡಿಟ್ಟ ಪತ್ರಿಕೆಗಳ ರಾಶಿ, ವಿಚಿತ್ರ ನಡಿಗೆ, ಬೀಗ ಹಾಕಿದ ಕೋಣೆ, ಕೆಲವು ಮಕ್ಕಳ ಮೇಲೆ ತೋರಿದ ಕಾಠಿಣ್ಯ, ಹೀಗೆ ಒಂದೊಂದೇ ಹೊರಬರುತ್ತದೆ. ಸ್ವಚಿತ್ರಗಳು ಆ ಒಗಟಿಗೆ ಸುಳಿವುಗಳಾಗಿ ನಡುನಡುವೆ ಬಂದುಹೋಗುತ್ತವೆ. ಮನೆಗೆಲಸದ ಹೆಂಗಸೊಬ್ಬಳು ಇಷ್ಟು ಚೆನ್ನಾಗಿ ಚಿತ್ರ ತೆಗೆದದ್ದೇ ದೊಡ್ಡ ರಹಸ್ಯವೆಂಬ ಧಾಟಿ ನನಗೆ ಹಿಡಿಸಲಿಲ್ಲ. ಒಬ್ಬ ವೈದ್ಯನೋ ವಕೀಲನೋ ರಜೆಯಲ್ಲಿ ಒಳ್ಳೆಯ ಚಿತ್ರ ತೆಗೆದಿದ್ದರೆ ನಾವು ಹೀಗೆ ಬೆರಗಾಗುತ್ತಿದ್ದೆವೇ?

ಹಾಗಾದರೆ ಆ ಪೆಟ್ಟಿಗೆಗಳನ್ನು ಮುಚ್ಚಿಯೇ ಇಡಬೇಕಿತ್ತೇ ಎಂದು ಕೇಳಬಹುದು. ಇಲ್ಲವೆನ್ನಲು ನನಗೆ ಹಿಂಜರಿಕೆಯಿಲ್ಲ. ರೀಲನ್ನು ತೊಳೆಯದೆ ಬಿಟ್ಟರೆ ಅದರೊಳಗಿನ ಬಿಂಬ ವರ್ಷವರ್ಷಕ್ಕೆ ಮಸುಕಾಗುತ್ತ ಹೋಗುತ್ತದೆ. ಯಾರಾದರೂ ಕೈಹಾಕಲೇಬೇಕಿತ್ತು, ಹಾಕಿದವರು ಶ್ರಮಪಟ್ಟಿದ್ದಾರೆ. ಹಕ್ಕು ಯಾರದೆಂಬ ವಿವಾದ 2014ರಲ್ಲಿ ಷಿಕಾಗೋ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅದು ವಕೀಲರ ಪಾಲಿಗಿರಲಿ. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಈ ಪುಸ್ತಕದಲ್ಲಿ ನಾವು ಕಾಣುವ ಎಷ್ಟೋ ಮುಖಗಳನ್ನು ಆ ಮುಖದವರೇ ಕಾಗದದ ಮೇಲೆ ನೋಡಿರಲಾರರು.

ಹುಲ್ಲಿನ ಮೇಲೆ ಬಿದ್ದ ಅವರ ನೆರಳಿನ ಚಿತ್ರಗಳ ಬಳಿ ನಾನು ಹೆಚ್ಚು ಹೊತ್ತು ನಿಂತೆ. ಅಗಲ ಟೊಪ್ಪಿಗೆ, ಇಳಿಬಿದ್ದ ಭುಜ, ಅಷ್ಟೇ. ನೆರಳಿಗೆ ಕಣ್ಣುಮೂಗಿಲ್ಲವಾದ್ದರಿಂದ ಇಲ್ಲಿಯಾದರೂ ಅಚ್ಚು ಹಾಕುವವರ ಕೈವಾಡ ಕಡಿಮೆಯಿದ್ದೀತು ಎಂದುಕೊಂಡಿದ್ದೆ. ಹಾಗಿಲ್ಲ. ಎನ್ಲಾರ್ಜರಿನ ಬೆಳಕನ್ನು ನಾಲ್ಕು ಸೆಕೆಂಡು ಹೆಚ್ಚು ಬಿಟ್ಟರೆ ಆ ಆಕೃತಿ ನೆಲದಲ್ಲಿ ತೋಡಿದ ಗುಂಡಿಯಂತೆ ಕಡುಕಪ್ಪಾಗುತ್ತದೆ. ನಾಲ್ಕು ಸೆಕೆಂಡು ಕಡಿಮೆ ಮಾಡಿದರೆ ನೆರಳಿನೊಳಗೆ ಹುಲ್ಲಿನ ಎಸಳುಗಳು ಒಂದೊಂದಾಗಿ ಕಾಣತೊಡಗುತ್ತವೆ, ಅವರ ಎದೆಯಿರುವ ಜಾಗದಲ್ಲೇ. ಎರಡೂ ಅದೇ ನೆಗೆಟಿವ್‌ನಲ್ಲಿವೆ. ಸ್ನಾನದ ಕೋಣೆಯ ಆ ಕತ್ತಲಲ್ಲಿ ನಿಂತಿದ್ದರೆ ಅವರು ಎಷ್ಟು ಎಣಿಸುತ್ತಿದ್ದರೋ.